ತಕ್ಕಡಿ ಬಿಟ್ಟೆ, ಗಾಜು ಹಿಡಿದೆ: ಅಗ್ಗದ ಪೆಲೆಟ್ ಆರಿಸುವುದರಲ್ಲಿ ನನ್ನ ಅನುಭವ

ಹೋದ ಭಾನುವಾರ ಏರ್ ರೈಫಲ್‌ನಲ್ಲಿ ಹತ್ತು ಮೀಟರ್ ದೂರದ ಗುರಿ ಕಾರ್ಡಿಗೆ ಹತ್ತು ಪೆಲೆಟ್ (ಸೀಸದ ಚಿಕ್ಕ ಕಾಳು) ಹೊಡೆದೆ. ಕಾರ್ಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೆ ಎಲ್ಲ ತೂತೂ ಮುಚ್ಚಿಹೋಗಿ ಸುತ್ತ ಇನ್ನೂ ಜಾಗ ಉಳಿಯುತ್ತದೆ. ಅತಿ ದೂರದ ಎರಡು ತೂತುಗಳನ್ನು ಮಧ್ಯದಿಂದ ಮಧ್ಯಕ್ಕೆ ಅಳೆದರೆ 8 ಮಿಲಿ (ಮಿಲಿಮೀಟರ್). ಹೀಗೆ ಬಿದ್ದ ತೂತುಗಳಿಗೆ ಗುಂಪು ಅನ್ನುತ್ತೇವೆ, ಚಿಕ್ಕದಾದಷ್ಟೂ ಒಳ್ಳೆಯದು. ರೈಫಲ್ ನಮ್ಮ ದೇಶದ್ದೇ, ಸ್ಪ್ರಿಂಗ್ ಬಲದಿಂದ ಗಾಳಿ ಒತ್ತಿ ಹೊಡೆಯುವ ಸ್ಪ್ರಿಂಗ್ ರೈಫಲ್. ಪೆಲೆಟ್ ಕೂಡ ದೇಶದ್ದೇ, 500ರ ಡಬ್ಬಿಗೆ ಸುಮಾರು 300 ರೂಪಾಯಿ. ಒಂದೂವರೆ ವರ್ಷದ ಹಿಂದೆ ಇದೇ ರೈಫಲ್, ಇದೇ ಪೆಲೆಟ್ 16 ಮಿಲಿ ಗುಂಪು ಕೊಡುತ್ತಿತ್ತು, ಒಮ್ಮೊಮ್ಮೆ 20. ಚಿತ್ರದುರ್ಗದ ನನ್ನ ಗೆಳೆಯ ಆಗಿನಿಂದಲೂ ಒಂದೇ ಮಾತು ಹೇಳುತ್ತಿದ್ದ. "ಲೇ, ಆ ಕಾಳು ಎಷ್ಟು ಆರಿಸಿದ್ರೂ ಅಷ್ಟೇ ಕಣೋ. ಸುಮ್ನೆ ಫಾರಿನ್ ಡಬ್ಬಿ ತಗೋ." ಆ ಕಾರ್ಡು ಈಗ ಅವನ ಹತ್ತಿರವೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಾರಿನ್ ಮ್ಯಾಚ್ (ಸ್ಪರ್ಧೆಯ) ಪೆಲೆಟ್ ಚೆನ್ನಾಗಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಚೆನ್ನಾಗಿಯೇ ಇವೆ. ಆದರೆ ಡಬ್ಬಿಗೆ 1,200ರ ಆಸುಪಾಸು ಆಗುತ್ತದೆ. ನಾನು ತಿಂಗಳಿಗೆ ಸಾವಿರ ಹೊಡೆಯುತ್ತೇನೆ. ಎರಡು ಡಬ್ಬಿ ಅಂದರೆ 2,400. ಹಾರ್ಡ್‌ವೇರ್ ಅಂಗಡಿಯ ಸಂಪಾದನೆಯಲ್ಲಿ ಮಕ್ಕಳ ಫೀಸು ಕಟ್ಟುವವನಿಗೆ ಇದು ದೊಡ್ಡ ಮೊತ್ತ.

ಮೊದಲು ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಹೊರದೇಶದಲ್ಲಿ ಮನೆಯಲ್ಲೇ ಬಂದೂಕಿನ ಕಾರ್ಟ್ರಿಜ್ (ತೋಟಾ) ತುಂಬಿಕೊಳ್ಳುವವರಿದ್ದಾರಲ್ಲ, ಅವರ ವಿಡಿಯೊಗಳನ್ನು ಬಹಳ ನೋಡುತ್ತಿದ್ದೆ. ನಮ್ಮಲ್ಲಿ ಅದು ಆಗದ ಮಾತು. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ನಮ್ಮಂಥವರಿಗೆ ಇರುವುದು 4.5 ಮಿಲಿ ಏರ್ ರೈಫಲ್, ಅದೂ ಹೊಡೆತದ ಶಕ್ತಿ 20 ಜೌಲ್ ಒಳಗೆ. ನನ್ನದು 7-8 ಜೌಲ್ ಅಷ್ಟೇ. ಆದರೂ ಅವರ ಕೆಲಸದ ಶಿಸ್ತು ನನಗೆ ಬಹಳ ಹಿಡಿಸಿತ್ತು. ಒಂದೊಂದು ಬುಲೆಟ್ಟನ್ನೂ ತೂಗುತ್ತಾರೆ, ಗುಂಪು ಮಾಡುತ್ತಾರೆ, ಪುಸ್ತಕದಲ್ಲಿ ಬರೆದಿಡುತ್ತಾರೆ. ನಾನೂ ಹಾಗೇ ಮಾಡಿದರೆ ಆಯ್ತಲ್ಲ ಅಂದುಕೊಂಡೆ.

ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲಿ ಬಂಗಾರದ ಕೆಲಸ ಮಾಡುವ ಅಣ್ಣ ಒಬ್ಬರು ಪರಿಚಯ. ಅವರನ್ನು ಕೇಳಿ ಮಿಲಿಗ್ರಾಂ ತಕ್ಕಡಿ ತರಿಸಿದೆ, 1,400 ರೂಪಾಯಿ. ರಾತ್ರಿ ಊಟ ಆದ ಮೇಲೆ ಕೂತು ತೂಗಿದ್ದೇ ತೂಗಿದ್ದು. ಮೊದಲ ವಾರದ ಲೆಕ್ಕವೆಲ್ಲ ವ್ಯರ್ಥವಾಯಿತು, ಯಾಕೆಂದರೆ ಫ್ಯಾನ್ ತಿರುಗುತ್ತಿತ್ತು. ಒಂದೇ ಪೆಲೆಟ್ ಒಮ್ಮೆ 0.487 ಗ್ರಾಂ ತೋರಿಸುತ್ತದೆ, ಇನ್ನೊಮ್ಮೆ 0.493. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಬೆವರು ಒರೆಸಿಕೊಳ್ಳುತ್ತಾ ಎರಡು ಸಾವಿರ ಪೆಲೆಟ್ ತೂಗಿದೆ. ಐದು ಗುಂಪು ಮಾಡಿದೆ. ಪ್ರತಿ ಗುಂಪಿನೊಳಗೆ ತೂಕದ ವ್ಯತ್ಯಾಸ 3-4 ಮಿಲಿಗ್ರಾಂ ಮಾತ್ರ. ಹೊಡೆದು ನೋಡಿದರೆ 15 ಮಿಲಿ, 16 ಮಿಲಿ. ಏನೂ ಬದಲಾಗಲಿಲ್ಲ. ಒಂದು ತಿಂಗಳು ಹೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಹಾಕಬೇಕಿತ್ತು. ಸೆಕೆಂಡಿಗೆ 170 ಮೀಟರ್ ಹೋಗುವ ಪೆಲೆಟ್ ಹತ್ತು ಮೀಟರ್ ದಾಟಲು 0.06 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಕೆಳಕ್ಕೆ ಬೀಳುವುದು ಸುಮಾರು 17 ಮಿಲಿ. ತೂಕ ನೂರಕ್ಕೆ ಎರಡು ಹೆಚ್ಚು ಕಮ್ಮಿ ಆದರೆ ವೇಗ ನೂರಕ್ಕೆ ಒಂದು ಬದಲಾಗುತ್ತದೆ, ಬೀಳುವುದು ನೂರಕ್ಕೆ ಎರಡು ಬದಲಾಗುತ್ತದೆ. 17 ಮಿಲಿಯಲ್ಲಿ ನೂರಕ್ಕೆ ಎರಡು ಅಂದರೆ ಎಷ್ಟು? 0.34 ಮಿಲಿ! ಒಲಿಂಪಿಕ್ಸ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯೇ ಅರ್ಧ ಮಿಲಿ ಇರುವುದರಿಂದ ಅಲ್ಲಿ ಹೊಡೆಯುವವರಿಗೆ ಅದೂ ಲೆಕ್ಕವೇ. ಆದರೆ ನನ್ನ 16 ಮಿಲಿ ಗುಂಪಿಗೆ ತೂಕ ಕಾರಣ ಆಗಲು ಸಾಧ್ಯವೇ ಇಲ್ಲ. ಕಾರ್ಟ್ರಿಜ್ ತುಂಬುವವರು ನೂರಾರು ಮೀಟರ್ ಆಚೆ ಹೊಡೆಯುತ್ತಾರೆ. ಅವರಿಗೆ ತೂಕ ಮುಖ್ಯ. ನಮ್ಮ ಹತ್ತು ಮೀಟರ್‌ಗೆ ಅದು ಎರಡನೇ ವಿಷಯ.

ಹಾಗಾದರೆ ಉಳಿದಿದ್ದು ಅಳತೆ. ಪೆಲೆಟ್ಟಿನ ಮುಂಭಾಗವಾದ ತಲೆಯ ಅಳತೆ, ಹಿಂಬದಿಯ ಅಗಲ ಭಾಗವಾದ ಲಂಗದ ಆಕಾರ. ಫಾರಿನ್ ಡಬ್ಬಿಗಳ ಮೇಲೆ 4.49, 4.50 ಅಂತ ತಲೆಯ ಅಳತೆ ಬರೆದಿರುತ್ತದೆ. ದೇಶಿ ಡಬ್ಬಿಯ ಮೇಲೆ 4.5 ಅಂತ ಮಾತ್ರ. ವರ್ನಿಯರ್ (ದವಡೆಯಿಂದ ಹಿಡಿದು ಅಳೆಯುವ ಸಾಧನ) ಹಿಡಿದು ಅಳೆಯಲು ಹೋದರೆ ಸೀಸ ಮೆತ್ತಗಿರುವುದರಿಂದ ದವಡೆ ಒತ್ತಿದ ಕಡೆ ಚಪ್ಪಟೆ ಆಗುತ್ತದೆ. ಹರಿಹರದಲ್ಲಿ ಲೇತ್ ಇಟ್ಟಿರುವ ಒಬ್ಬರ ಹತ್ತಿರ ಹೋಗಿ ಸ್ಟೀಲ್ ಪಟ್ಟಿಗೆ ನಾಲ್ಕು ತೂತು ಹಾಕಿಸಿದೆ, 4.48ರಿಂದ 4.51ರವರೆಗೆ. 900 ರೂಪಾಯಿ ತಗೊಂಡರು. ಒಂದು ತೂತಿನ ಅಗಲಕ್ಕೂ ಮುಂದಿನದಕ್ಕೂ ವ್ಯತ್ಯಾಸ ಮಿಲಿಯ ನೂರನೇ ಒಂದು ಭಾಗ, ಆದರೆ ಡ್ರಿಲ್ ಅದಕ್ಕಿಂತ ಜಾಸ್ತಿ ಅಗಲಿಸುತ್ತದೆ. ಎಲ್ಲ ಪೆಲೆಟ್ ಎಲ್ಲ ತೂತಿನಲ್ಲೂ ಇಳಿದವು. ಆ ಪಟ್ಟಿ ಈಗ ಅಂಗಡಿಯಲ್ಲಿ ಬಿಲ್ ಹಾರದ ಹಾಗೆ ಇಡುವ ತೂಕದ ಕಲ್ಲಾಗಿದೆ.

ಇದರ ಮಧ್ಯೆ ಎಣ್ಣೆಯ ಹುಚ್ಚು ಬೇರೆ. ಪೆಲೆಟ್ ತೊಳೆದು ಎಣ್ಣೆ ಸವರಿದರೆ ಚೆನ್ನಾಗಿ ಹೋಗುತ್ತದೆ ಅಂತ ಒಂದು ಡಬ್ಬಿಗೆ ಪೂರ್ತಿ ಒಂದು ಚಮಚ ಮಷೀನ್ ಎಣ್ಣೆ ಹಾಕಿ ಕಲಸಿದೆ. ಸ್ಪ್ರಿಂಗ್ ರೈಫಲ್ ಇರುವವರಿಗೆ ಮುಂದೆ ಏನಾಯಿತು ಅಂತ ಹೇಳಬೇಕಿಲ್ಲ. ಢಂ ಅಂತ ಸದ್ದು, ನಳಿಗೆಯ ಬಾಯಲ್ಲಿ ಹೊಗೆ. ಒಳಗೆ ಗಾಳಿ ಒತ್ತಿದಾಗ ಬರುವ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಇಂಜಿನ್‌ನಲ್ಲಿ ಆಗುವ ಹಾಗೆ. ಮೂವತ್ತು ಹೊಡೆತದಲ್ಲಿ ಗಾಳಿ ಒತ್ತುವ ಪಿಸ್ಟನ್ನಿನ ಸೀಲ್ ಹೋಯಿತು. ಸೀಲ್, ಸ್ಪ್ರಿಂಗ್, ಕೂಲಿ ಎಲ್ಲ ಸೇರಿ 1,800. ರೈಫಲ್ ಒಂದು ತಿಂಗಳು ಮನೆಯಲ್ಲಿ ಇರಲಿಲ್ಲ. ಈಗಲೂ ಎಣ್ಣೆ ಹಾಕುತ್ತೇನೆ. ಆದರೆ ಡಬ್ಬಿಗೆ ಇಷ್ಟೇ ಹನಿ, ಇಂಥದ್ದೇ ಎಣ್ಣೆ ಅಂತ ಇದೆ. ಅದನ್ನು ಕಂಡುಕೊಳ್ಳಲು ಆರು ತಿಂಗಳು ಹಿಡಿಯಿತು, ಹಾಗಾಗಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾಜಿನ ಮೇಲೆ ಉರುಳಿಸಿ ಪೆಲೆಟ್ ಆರಿಸುವ ವಿಷಯ ಹೊಳೆದಿದ್ದು ಮೇಜಿನ ಮೇಲೆ ಬಿದ್ದ ಪೆಲೆಟ್ ನೋಡಿ. ಪೆಲೆಟ್ ನೆಟ್ಟಗೆ ಉರುಳುವುದಿಲ್ಲ, ಅಲ್ವಾ? ಲಂಗ ಅಗಲ, ತಲೆ ಸಣ್ಣ, ಹಾಗಾಗಿ ಲೋಟ ಉರುಳಿದ ಹಾಗೆ ಬಾಗಿ ಹೋಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದು ತಲೆ ಮತ್ತು ಲಂಗದ ವ್ಯತ್ಯಾಸದ ಮೇಲೆ ನಿಂತಿದೆ. ಲೆಕ್ಕ ಹಾಕಿ ನೋಡಿದೆ. ಲಂಗ 4.75, ತಲೆ 4.50, ಎರಡರ ನಡುವೆ 5 ಮಿಲಿ ಇದ್ದರೆ ಆ ಬಾಗಿನ ಅರ್ಧ ವ್ಯಾಸ ಸುಮಾರು 95 ಮಿಲಿ. ತಲೆ 4.48 ಆದರೆ 88. ಅಂದರೆ ವರ್ನಿಯರ್‌ನಲ್ಲಿ ಸಿಗದ 0.02 ಮಿಲಿ ವ್ಯತ್ಯಾಸ ಗಾಜಿನ ಮೇಲೆ 7 ಮಿಲಿ ಆಗಿ ಕಣ್ಣಿಗೆ ಕಾಣುತ್ತದೆ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇದು ನಾನೇ ಹುಟ್ಟುಹಾಕಿದ್ದಲ್ಲ, ಹೊರಗಡೆ ಹಳಬರು ಮಾಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಆದರೆ ನಮ್ಮ ಕಡೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಅಂಗಡಿಯಲ್ಲೇ ಮಿಕ್ಕಿದ್ದ 5 ಮಿಲಿ ಗಾಜಿನ ತುಂಡು ತಗೊಂಡೆ. ಖರ್ಚು ಸೊನ್ನೆ. ಹಿಂದೆ ಒಂದು ಪುಸ್ತಕ ಇಟ್ಟು ಸ್ವಲ್ಪ ಇಳಿಜಾರು ಮಾಡಿದೆ. ಕೆಳಗಿನ ಅಂಚಿಗೆ ಹಳೆ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಸಾಲಾಗಿ ಸಣ್ಣ ಸಣ್ಣ ಗೂಡು ಮಾಡಿ ಅಂಟಿಸಿದೆ. ಗೂಡಿನೊಳಗೆ ಹತ್ತಿ. ಇಲ್ಲದಿದ್ದರೆ ಬಿದ್ದ ಪೆಟ್ಟಿಗೆ ಲಂಗ ನಗ್ಗುತ್ತದೆ. ಪೆಲೆಟ್ಟನ್ನು ಕೈಯಲ್ಲಿ ಬಿಟ್ಟರೆ ಪ್ರತಿ ಸಲ ಬೇರೆ ದಿಕ್ಕಿಗೆ ಹೋಗುತ್ತದೆ. ಅದಕ್ಕೊಂದು ಬಾಗಿಲು ಮಾಡಿಕೊಂಡಿದ್ದೇನೆ. ಬಾಗಿಲು ಯಾವುದರದ್ದು, ಇಳಿಜಾರು ಎಷ್ಟು ಡಿಗ್ರಿ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಗಾಜು ಮಾತ್ರ ಬಹಳ ಶುದ್ಧ ಇರಬೇಕು. ಒಂದು ಧೂಳಿನ ಕಣ ಸಾಕು, ದಾರಿ ತಪ್ಪುತ್ತದೆ. ಹಾಗಾಗಿ ಮೊದಲು ತೊಳೆಯಬೇಕು, ಒಣಗಿಸಬೇಕು, ಆಮೇಲೆ ಉರುಳಿಸಬೇಕು, ಎಣ್ಣೆ ಕೊನೆಗೆ.

ತೊಳೆಯುವ ಬಗ್ಗೆ ಒಂದು ಮಾತು. ಮೊದಲ ಸಲ ಅಡಿಗೆ ಮನೆಯ ಜರಡಿಯಲ್ಲಿ ತೊಳೆದೆ. ಅವ್ವ ಜರಡಿಯನ್ನೇ ಎಸೆದರು. ಅವರು ಮಾಡಿದ್ದೇ ಸರಿ. ಸೀಸದ ಪುಡಿ ಹೊಟ್ಟೆಗೆ ಹೋಗಬಾರದು. ಈಗ ಇದಕ್ಕೇ ಬೇರೆ ಬಕೆಟ್, ಬೇರೆ ಜರಡಿ, ಕೈಗೆ ಗ್ಲೌಸ್. ತೊಳೆದ ನೀರನ್ನು ಗಿಡಕ್ಕೆ ಹಾಕುವುದಿಲ್ಲ. ಅದು ತಿಳಿಯಾಗುವವರೆಗೆ ಇಟ್ಟು ತಳದ ಕಪ್ಪು ಕೆಸರನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಟ್ಟಿದ್ದೇನೆ. ಮಕ್ಕಳಿರುವ ಮನೆಯವರು ಇದರಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ.

ಮೊದಲ ಡಬ್ಬಿ ಉರುಳಿಸಿದಾಗ ನಾನು ಅಂದುಕೊಂಡದ್ದು ಮಧ್ಯದಲ್ಲಿ ಒಂದು ರಾಶಿ, ಅಕ್ಕಪಕ್ಕ ಚೂರು ಚೂರು ಬರುತ್ತದೆ ಅಂತ. ಬಂದಿದ್ದು ಎರಡು ರಾಶಿ! ಮೂರನೇ ಗೂಡಿನಲ್ಲಿ ಇನ್ನೂರು, ಆರನೇ ಗೂಡಿನಲ್ಲಿ ನೂರಮೂವತ್ತರಷ್ಟು, ಉಳಿದದ್ದು ಅಲ್ಲಲ್ಲಿ. ಎರಡು ಅಚ್ಚಿನ ಮಾಲನ್ನು ಒಂದೇ ಡಬ್ಬಿಗೆ ತುಂಬಿದ್ದಾರೆ ಅಂತ ನನ್ನ ಅಂದಾಜು. ಮೂರನೇ ಗೂಡಿನವನ್ನು ಮಾತ್ರ ಹೊಡೆದೆ, 9 ಮಿಲಿ. ಆರನೇ ಗೂಡಿನವು, 9 ಮಿಲಿ. ಆದರೆ ಎರಡು ಗುಂಪೂ ಕಾರ್ಡಿನಲ್ಲಿ ಬೇರೆ ಬೇರೆ ಜಾಗದಲ್ಲಿ ಬಿದ್ದವು, ನಡುವೆ 6 ಮಿಲಿ ಅಂತರ. ಅಂದರೆ ಪೆಲೆಟ್ ಕೆಟ್ಟದ್ದಾಗಿರಲಿಲ್ಲ, ಬೆರೆತದ್ದೇ ಕೆಟ್ಟದ್ದು. ಒಂದು ವರ್ಷ ನಾನು ಎರಡು ಪೆಲೆಟ್ಟನ್ನು ಒಂದು ಅಂತ ತಿಳಿದು ಹೊಡೆಯುತ್ತಿದ್ದೆ. ಆ ಕಾರ್ಡುಗಳನ್ನು ಗೋಡೆಗೆ ಹಚ್ಚಿದ್ದೇನೆ.

ಹತ್ತು ಮೀಟರ್ ಜಾಗ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ನಮ್ಮದು ಹಳೇ ಪೇಟೆಯ ಮನೆ, ಅಗಲ ಕಮ್ಮಿ, ಉದ್ದ ಜಾಸ್ತಿ. ಪಡಸಾಲೆಯಿಂದ ಹಿತ್ತಲ ಗೋಡೆಗೆ ಅಳೆದರೆ ಹನ್ನೊಂದು ಮೀಟರ್. ಕಾರ್ಡಿನ ಹಿಂದೆ ಓರೆಯಾಗಿ 3 ಮಿಲಿ ಸ್ಟೀಲ್ ತಗಡು, ಮುಂದೆ ಪೆಟ್ಟಿಗೆ ತುಂಬ ಗ್ಯಾರೇಜಿನವರು ಬಳಸುವ ಬನಿಯನ್ ವೇಸ್ಟ್. ಹೊಡೆಯುವಾಗ ನಡುವಿನ ಎರಡು ಬಾಗಿಲಿಗೂ ಚಿಲಕ.

ರೈಫಲ್ ಇಡುವ ಚೀಲದ್ದೂ ಒಂದು ಕತೆ. ಮರಳಿನ ಚೀಲ ಗಟ್ಟಿ, ಸ್ಪ್ರಿಂಗ್ ರೈಫಲ್ ಅದರ ಮೇಲೆ ಜಿಗಿಯುತ್ತದೆ. ನಮ್ಮ ಊರಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಅದನ್ನು ತುಂಬಿದೆ. ಕಾಳು ದಪ್ಪ, ಜಾರುತ್ತದೆ. ನವಣೆ ತುಂಬಿದಾಗ ಬಹಳ ಚೆನ್ನಾಗಿ ಕೂತಿತು, ವಾರದಲ್ಲಿ ಇಲಿ ಕಚ್ಚಿತು. ಕೊನೆಗೆ ಅದೇ ಚೀಲದ ಮೇಲೆ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಸಡಿಲವಾಗಿ ಇಟ್ಟು ಹೊಡೆಯುವುದೇ ಸರಿ ಆಯ್ತು. ಗಟ್ಟಿ ಹಿಡಿದರೆ 3-4 ಮಿಲಿ ಜಾಸ್ತಿ ಆಗುತ್ತದೆ.

ವೇಗ ಅಳೆಯಲು ಮಷೀನ್ ತಗೊಳ್ಳಲಿಲ್ಲ. ಫೋನ್ ಅನ್ನು ನಳಿಗೆಯ ಪಕ್ಕ ಇಟ್ಟು ರೆಕಾರ್ಡ್ ಮಾಡಿ, ಆಡಾಸಿಟಿ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಹೊಡೆದ ಸದ್ದು ಮತ್ತು ತಗಡಿಗೆ ಬಡಿದ ಸದ್ದಿನ ನಡುವಿನ ಸಮಯ ನೋಡುತ್ತೇನೆ. ಸುಮಾರು 88 ಮಿಲಿಸೆಕೆಂಡ್ ಬರುತ್ತದೆ. ಅದರಲ್ಲಿ ಸದ್ದು ವಾಪಸ್ ಬರುವ 29 ಕಳೆಯಬೇಕು. ಇದಕ್ಕೆ ಮಾತ್ರ ಬನಿಯನ್ ವೇಸ್ಟ್ ತೆಗೆದು ತಗಡು ಬರಿದು ಮಾಡುತ್ತೇನೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಬೇಸಿಗೆಯಲ್ಲಿ ರೈಫಲ್ ಜೋರಾಗಿದೆ ಅಂತ ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ 38 ಡಿಗ್ರಿ ಬಿಸಿಲಲ್ಲಿ ಸದ್ದೇ ವೇಗವಾಗಿ ಹೋಗುತ್ತದೆ, ಸೆಕೆಂಡಿಗೆ 343 ಅಲ್ಲ, 354 ಮೀಟರ್. ನನ್ನ ಲೆಕ್ಕ ಎರಡು ಮೂರು ಮೀಟರ್ ತಪ್ಪಿತ್ತು.

ದುರ್ಗದ ಗೆಳೆಯನ ಹೊಲದಲ್ಲಿ ಬದುವಿಗೆ ಕಾರ್ಡು ಕಟ್ಟಿ 25 ಮೀಟರ್ ಕೂಡ ನೋಡಿದೆ. ಗಾಳಿಯಂತ್ರ ತಿರುಗುವ ಗುಡ್ಡದ ಬುಡದಲ್ಲಿ ಅರ್ಧ ಗ್ರಾಂ ಪೆಲೆಟ್ ಎಲ್ಲಿ ನಿಲ್ಲುತ್ತದೆ ಹೇಳಿ. ಒಂದು ಕಾರ್ಡೂ ಲೆಕ್ಕಕ್ಕೆ ಬರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಈಗಿನ ಲೆಕ್ಕ ಹೀಗಿದೆ. ತಿಂಗಳಿಗೆ ಮೂರು ದೇಶಿ ಡಬ್ಬಿ, 900 ರೂಪಾಯಿ. ಒಂದೊಂದರಲ್ಲಿ 330ರ ಆಸುಪಾಸು ಒಳ್ಳೆಯವು ಸಿಗುತ್ತವೆ, ಎರಡು ಗುಂಪಾಗಿ. ಉಳಿದದ್ದರಲ್ಲಿ ನೂರು ಸುಮ್ನೆ ನಿಂತು ಹೊಡೆಯುವ ಅಭ್ಯಾಸಕ್ಕೆ, ಲಂಗ ನಗ್ಗಿದವು ಪಕ್ಕಕ್ಕೆ. ಒಂದು ಡಬ್ಬಿಗೆ ಒಂದೂವರೆ ತಾಸು ಬೇಕು. ತಿಂಗಳಿಗೆ 1,500 ಉಳಿಯುತ್ತದೆ. ತಕ್ಕಡಿ, ಪಟ್ಟಿ, ಸೀಲ್ ಎಲ್ಲದಕ್ಕೂ ಹೋದ ನಾಲ್ಕು ಸಾವಿರ ಮೂರೇ ತಿಂಗಳಲ್ಲಿ ಬಂತು. ತಕ್ಕಡಿ ಮಾರಿಲ್ಲ. ಮೂರನೇ ಗೂಡಿನವನ್ನು ಮತ್ತೆ ತೂಗಿ ಆರಿಸಿದರೆ ಗುಂಪು 9 ಮಿಲಿಯಿಂದ 8ಕ್ಕೆ ಇಳಿಯುತ್ತದೆ. ಹೋದ ಭಾನುವಾರದ ಕಾರ್ಡು ಅದೇ.

ಗೆಳೆಯ ಆ ಕಾರ್ಡಿಗೆ ತಾನೇ ಸ್ಕೇಲ್ ಇಟ್ಟು ಎರಡು ಸಲ ಅಳೆದ. ಏನೂ ಹೇಳಲಿಲ್ಲ. ಬುಧವಾರ ದುರ್ಗದಿಂದ ಬಸ್ಸಿಗೆ ಹಾಕಿ ಮೂರು ದೇಶಿ ಡಬ್ಬಿ ಕಳಿಸಿದ್ದಾನೆ. ಎರಡು ಉರುಳಿಸಿ ಆಗಿದೆ. ಅವನ ಮಾಲಿನಲ್ಲಿ ಮೂರು ರಾಶಿ ಬರುತ್ತಿದೆ.