ಪೆನ್‌ಡ್ರೈವ್ ಕೀಳುವ ಮುಂಚೆ: ಸ್ಟುಡಿಯೋದಲ್ಲಿ ನಾನು ಮಾಡುವ ಕ್ರಮ

ಮದುವೆ ವಿಡಿಯೋ ಎಡಿಟ್ ಮಾಡಿ ಕೊಡುವುದು ನನ್ನ ಕೆಲಸ. ಹಾಸನದಲ್ಲಿ ಒಂದು ಸಣ್ಣ ಸ್ಟುಡಿಯೋ. ಡಿವಿಡಿ ಕೇಳುವವರು ಈಗ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಎಲ್ಲರಿಗೂ ಪೆನ್‌ಡ್ರೈವ್ ಬೇಕು, ಟಿವಿಗೆ ಹಾಕಿ ಮನೆಮಂದಿಯೆಲ್ಲ ಕೂತು ನೋಡಬೇಕು. ಇದರ ಜೊತೆಗೆ ಕ್ಯಾಮೆರಾದವರ ಮೆಮೊರಿ ಕಾರ್ಡ್ ಬರುತ್ತೆ, ಆಲ್ಬಂ ಲ್ಯಾಬಿಗೆ ಹಾರ್ಡ್‌ಡಿಸ್ಕ್ ಹೋಗುತ್ತೆ. ಬೆಳಗಿನಿಂದ ಸಂಜೆವರೆಗೆ ಯುಎಸ್‌ಬಿ ಪೋರ್ಟ್‌ಗೆ ಬಿಡುವಿಲ್ಲ.

ತಾಳಿ ಕಟ್ಟುವ ಹೊತ್ತು ಇನ್ನೊಂದು ಸಲ ಬರುವುದಿಲ್ಲ. ಅದಕ್ಕೇ ಡ್ರೈವ್ ಹಾಕುವುದಕ್ಕಿಂತ ಅದನ್ನು ಕೀಳುವುದರ ಬಗ್ಗೆ ನನಗೆ ಜಾಸ್ತಿ ಎಚ್ಚರ. ಕಾಪಿ ಅನ್ನುವ ಕೆಲಸ ಮುಗಿಯುವುದು ಎಜೆಕ್ಟ್ ಆದ ಮೇಲೆ. ಎಜೆಕ್ಟ್ ಅಂದರೆ ಡ್ರೈವ್ ತೆಗೆಯುತ್ತೇನೆ ಅಂತ ಕಂಪ್ಯೂಟರ್‌ಗೆ ಮೊದಲೇ ಹೇಳುವ ಬಟನ್. ಸ್ಕ್ರೀನ್ ಮೇಲಿನ ಹಸಿರು ಪಟ್ಟಿ ತುಂಬಿದ ಮಾತ್ರಕ್ಕೆ ಫೈಲೆಲ್ಲ ಪೆನ್‌ಡ್ರೈವ್ ಒಳಗೆ ಹೋಗಿ ಕೂತಿದೆ ಅಂತ ನಾನು ನಂಬುವುದಿಲ್ಲ. ಯಾಕೆ ಅಂತ ನಮ್ಮ ಕೌಂಟರ್ ಮೆಷಿನ್ ಇಟ್ಟುಕೊಂಡೇ ಹೇಳುತ್ತೇನೆ.

ಗಿರಾಕಿಗಳ ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಒಂದು ಹಳೇ ಕಂಪ್ಯೂಟರ್ ಬೇರೆಯೇ ಇಟ್ಟಿದ್ದೇನೆ. 8 ಜಿಬಿ ರ‍್ಯಾಮ್, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಸಿಸ್ಟಮ್. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ಎಲ್ಲ ಸುತ್ತಿ ಬರುವ ಪೆನ್‌ಡ್ರೈವ್‌ಗಳಲ್ಲಿ ಆ ಶಾರ್ಟ್‌ಕಟ್ ವೈರಸ್ ಇರುತ್ತಲ್ಲ, ಅದು ವಿಂಡೋಸ್‌ಗೆ ಅಂಟುವಂಥದ್ದು. ಲಿನಕ್ಸ್‌ನಲ್ಲಿ ಅದರ ಆಟ ನಡೆಯುವುದಿಲ್ಲ, ಎಡಿಟಿಂಗ್ ಮೆಷಿನ್ ಸೇಫ್. ಆದರೆ ಲಿನಕ್ಸ್‌ನಲ್ಲಿ ಇನ್ನೊಂದು ವಿಷಯ ಗೊತ್ತಿರಬೇಕು. ನೀವು ಕಾಪಿ ಅಂದ ತಕ್ಷಣ ಅದು ಫೈಲನ್ನು ಮೊದಲು ರ‍್ಯಾಮ್‌ಗೆ ತುಂಬಿಕೊಳ್ಳುತ್ತೆ. ಪೆನ್‌ಡ್ರೈವ್‌ಗೆ ಬರೆಯುವುದು ಹಿಂದಿನಿಂದ, ನಿಧಾನಕ್ಕೆ ನಡೆಯುತ್ತಿರುತ್ತೆ. ಹೀಗೆ ರ‍್ಯಾಮ್‌ನಲ್ಲಿ ಕಾಯುವ ಡೇಟಾ 8 ಜಿಬಿ ಮೆಷಿನ್‌ನಲ್ಲಿ ಒಂದು ಜಿಬಿ ಹತ್ತಿರ ಹೋಗುವುದೂ ಉಂಟು.

ಇದನ್ನು ಕಣ್ಣಾರೆ ನೋಡಬಹುದು. ಟರ್ಮಿನಲ್ ತೆಗೆದು ಪ್ರೋಕ್ ಫೋಲ್ಡರಿನ ಮೆಮ್‌ಇನ್ಫೋ ಅನ್ನುವ ಫೈಲ್ ನೋಡಿದರೆ ಅದರಲ್ಲಿ ‘ಡರ್ಟಿ’ ಅಂತ ಒಂದು ಸಾಲಿರುತ್ತೆ. ಇನ್ನೂ ಬರೆಯಬೇಕಾಗಿರುವ ಡೇಟಾ ಎಷ್ಟು ಅನ್ನುವ ಲೆಕ್ಕ ಅದು, ಕೆಬಿಯಲ್ಲಿ. ವಾಚ್ ಕಮಾಂಡ್ ಕೊಟ್ಟರೆ ಎರಡೆರಡು ಸೆಕೆಂಡಿಗೆ ಅಂಕಿ ಬದಲಾಗುತ್ತೆ. ಮೂರು ಜಿಬಿಯ ರಿಸೆಪ್ಷನ್ ವಿಡಿಯೋ ಹಾಕಿ, ಪಟ್ಟಿ ತುಂಬಿ ಮಾಯವಾದ ಮೇಲೆ ಆ ಸಾಲು ನೋಡಿ. ಆರು ಲಕ್ಷ ಚಿಲ್ಲರೆ ಅಂತ ತೋರಿಸುತ್ತಿರುತ್ತೆ. ಅಂದರೆ ಸುಮಾರು 600 ಎಂಬಿ ಇನ್ನೂ ಒಳಗೆ ಹೋಗಿಲ್ಲ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 6 ಎಂಬಿ ಬರೆದರೆ ಹೆಚ್ಚು. ಲೆಕ್ಕ ಹಾಕಿ, ಇನ್ನೂ 100 ಸೆಕೆಂಡ್ ಬೇಕು. ಸರಿಯಾಗಿ ಅದೇ ಹೊತ್ತಿಗೆ ಕೌಂಟರ್ ಆಚೆಯಿಂದ “ಅಣ್ಣಾ, ಆಯ್ತಲ್ಲಾ, ಕೊಡಿ” ಅಂತ ಕೈ ಚಾಚಿರುತ್ತಾರೆ. “ಎರಡು ನಿಮಿಷ ತಾಳಪ್ಪ, ಇನ್ನೂ ಬರೀತಿದೆ” ಅಂತ ಸ್ಕ್ರೀನ್ ಅವರ ಕಡೆ ತಿರುಗಿಸುತ್ತೇನೆ. ಅಂಕಿ ಇಳಿಯುವುದನ್ನು ನೋಡಿದರೆ ಸಾಕು, ಯಾರೂ ಅವಸರ ಮಾಡುವುದಿಲ್ಲ.

ಎಜೆಕ್ಟ್ ಒತ್ತಿದಾಗ ಸಿಸ್ಟಮ್ ಈ ಬಾಕಿಯನ್ನೆಲ್ಲ ಬರೆದು ಮುಗಿಸುತ್ತೆ. ಅಲ್ಲಿಯವರೆಗೆ ಡ್ರೈವ್ ಕೀಳಬೇಡಿ ಅನ್ನುತ್ತೆ, ಮುಗಿದ ಮೇಲೆ ತೆಗೆಯಬಹುದು ಅಂತ ಹೇಳುತ್ತೆ. ಆ ಎರಡನೇ ಮೆಸೇಜ್ ಬರುವವರೆಗೆ ನಾನು ಡ್ರೈವ್ ಮುಟ್ಟುವುದಿಲ್ಲ. ಬಂದ ಮೇಲೂ ಪೆನ್‌ಡ್ರೈವ್‌ನ ಲೈಟ್ ಮಿಣುಕುತ್ತಿದ್ದರೆ ನಿಲ್ಲುವವರೆಗೆ ಕಾಯುತ್ತೇನೆ. ಒಳಗಿರುವ ಕಂಟ್ರೋಲರ್ ಚಿಪ್‌ಗೆ ತನ್ನದೇ ಕೆಲಸ ಇರುತ್ತೆ. ಯಾವ ಡೇಟಾ ಎಲ್ಲಿದೆ ಅನ್ನುವ ಪಟ್ಟಿಯನ್ನು ಅದು ತಾನೇ ಬರೆದಿಡಬೇಕು.

ವಿಡಿಯೋ ಕೆಲಸದವರು ಇದನ್ನು ಬೇರೆಯವರಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ, ಎಷ್ಟು ಉದ್ದ ಅನ್ನುವ ವಿವರವೆಲ್ಲ ‘ಮೂವ್’ ಅನ್ನುವ ಒಂದು ಭಾಗದಲ್ಲಿರುತ್ತೆ. ಪುಸ್ತಕಕ್ಕೆ ಪರಿವಿಡಿ ಇದ್ದ ಹಾಗೆ. ಆದರೆ ರೆಂಡರ್ ಮಾಡುವಾಗ, ಅಂದರೆ ಎಡಿಟ್ ಆದದ್ದನ್ನು ವಿಡಿಯೋ ಫೈಲ್ ಮಾಡುವಾಗ, ಅದನ್ನು ಮುಂದಕ್ಕೆ ತರುವ ‘ಫಾಸ್ಟ್ ಸ್ಟಾರ್ಟ್’ ಆಯ್ಕೆ ಹಾಕದಿದ್ದರೆ ಸಾಮಾನ್ಯವಾಗಿ ಅದು ಫೈಲಿನ ಕೊನೆಯಲ್ಲಿ ಕೂರುತ್ತೆ. ಕೊನೆಯ ಹತ್ತು ಎಂಬಿ ಹೋಗದೇ ಉಳಿದರೂ ಇಡೀ ವಿಡಿಯೋ ಓಪನ್ ಆಗಲ್ಲ. ಫೋಟೋ ಆದರೆ ಒಂದೆರಡು ಹಾಳಾಗಬಹುದು, ಉಳಿದದ್ದು ಸಿಗುತ್ತೆ. ಮೂರು ಗಂಟೆಯ ಮದುವೆ ವಿಡಿಯೋ ಒಂದೇ ಫೈಲ್ ಆಗಿದ್ದರೆ ಪೂರ್ತಿ ಹೋದ ಹಾಗೇ. ಪೆನ್‌ಡ್ರೈವ್‌ಗೆ ಕೊಡುವ ವಿಡಿಯೋವನ್ನು ನಾನು ಶಾಸ್ತ್ರ, ಮುಹೂರ್ತ, ರಿಸೆಪ್ಷನ್ ಅಂತ ಬೇರೆ ಬೇರೆ ಫೈಲ್ ಮಾಡಲು ಇದೂ ಒಂದು ಕಾರಣ. ಇನ್ನೊಂದು ಕಾರಣ, ಹಳೇ ಟಿವಿಗಳಲ್ಲಿ ಎಷ್ಟೋ ಫ್ಯಾಟ್32 ಅನ್ನುವ ಫಾರ್ಮ್ಯಾಟ್ ಮಾತ್ರ ಓದುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ.

ಈ ಫ್ಯಾಟ್32 ಮತ್ತು ದೊಡ್ಡ ಕಾರ್ಡ್‌ಗಳಲ್ಲಿ ಇರುವ ಎಕ್ಸ್‌ಫ್ಯಾಟ್, ಎರಡಕ್ಕೂ ಜರ್ನಲ್ ಇಲ್ಲ. ಅರ್ಧದಲ್ಲಿ ನಿಂತ ಕೆಲಸವನ್ನು ಮತ್ತೆ ಸರಿ ಮಾಡಿಕೊಳ್ಳಲು ಬೇಕಾದ ದಾಖಲೆಯೇ ಅವುಗಳಲ್ಲಿ ಇರುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇರುತ್ತೆ, ಆದರೆ ಅದು ಕಾಪಾಡುವುದು ಫೋಲ್ಡರ್, ಹೆಸರು, ಜಾಗದ ಲೆಕ್ಕವನ್ನು. ನಿಮ್ಮ ವಿಡಿಯೋದ ಒಳಗಿನ ಡೇಟಾಕ್ಕೆ ಅದು ಗ್ಯಾರಂಟಿ ಕೊಡಲ್ಲ.

ಈಗ ವಿಂಡೋಸ್. “ವಿಂಡೋಸ್ 10 ಬಂದ ಮೇಲೆ ಸುಮ್ನೆ ಕಿತ್ತರೂ ಏನೂ ಆಗಲ್ವಂತೆ” ಅನ್ನುವ ಮಾತು ಕ್ಯಾಮೆರಾ ಹುಡುಗರ ಬಾಯಲ್ಲಿ ತುಂಬ ಕೇಳುತ್ತೇನೆ. ಅದರಲ್ಲಿ ಅರ್ಧ ನಿಜ. 2018ರಲ್ಲಿ ಬಂದ 1809 ಅನ್ನುವ ವರ್ಷನ್‌ನಿಂದ ಮೈಕ್ರೋಸಾಫ್ಟ್ ‘ಕ್ವಿಕ್ ರಿಮೂವಲ್’ ಅನ್ನು ಮಾಮೂಲಿ ಸೆಟ್ಟಿಂಗ್ ಮಾಡಿತು. ಅದಕ್ಕೂ ಮುಂಚೆ ‘ಬೆಟರ್ ಪರ್ಫಾರ್ಮೆನ್ಸ್’ ಇತ್ತು. ಬೆಟರ್ ಪರ್ಫಾರ್ಮೆನ್ಸ್‌ನಲ್ಲಿ ವಿಂಡೋಸ್ ಡೇಟಾವನ್ನು ಹಿಡಿದಿಟ್ಟುಕೊಂಡು ಬರೆಯುತ್ತೆ, ಎಜೆಕ್ಟ್ ಮಾಡಲೇಬೇಕು. ಕ್ವಿಕ್ ರಿಮೂವಲ್‌ನಲ್ಲಿ ಹಾಗೆ ಹಿಡಿದಿಡುವುದಿಲ್ಲ, ಪಟ್ಟಿ ತುಂಬುವ ಹೊತ್ತಿಗೆ ಬರೆದಾಗಿರುತ್ತೆ.

ಆದರೂ ನಾನು ಎಜೆಕ್ಟ್ ಬಿಡುವುದಿಲ್ಲ. ನಿಮ್ಮ ಡ್ರೈವ್‌ಗೆ ಯಾವ ಸೆಟ್ಟಿಂಗ್ ಇದೆ ಅನ್ನುವುದು ಆಯಾ ಡ್ರೈವ್‌ಗೆ, ಆಯಾ ಪೋರ್ಟ್‌ಗೆ ಬೇರೆ ಬೇರೆ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡಿಸ್ಕ್‌ನ ಪ್ರಾಪರ್ಟೀಸ್ ತೆಗೆದು ‘ಪಾಲಿಸೀಸ್’ ಟ್ಯಾಬ್ ನೋಡಿದರೆ ಗೊತ್ತಾಗುತ್ತೆ. ಎಡಿಟಿಂಗ್‌ಗೆ ಬಳಸುವ ಎಸ್‌ಎಸ್‌ಡಿಗೆ ಸ್ಪೀಡ್ ಬೇಕು ಅಂತ ನಾನೇ ಬೆಟರ್ ಪರ್ಫಾರ್ಮೆನ್ಸ್ ಹಾಕಿದ್ದೇನೆ. ಜೊತೆಗೆ, ವಿಂಡೋಸ್ ಹಿಡಿದಿಡದಿದ್ದರೂ ಪ್ರೀಮಿಯರ್, ಫೋಟೋಶಾಪ್‌ನಂಥ ಸಾಫ್ಟ್‌ವೇರ್ ಹಿಡಿದಿಟ್ಟಿರುತ್ತೆ. ಪ್ರಾಜೆಕ್ಟ್ ಆಟೋಸೇವ್ ಆಗುವ ಹೊತ್ತಿಗೇ ಕೇಬಲ್ ಕಿತ್ತರೆ ಯಾವ ಸೆಟ್ಟಿಂಗೂ ಕಾಪಾಡಲ್ಲ. ಎಜೆಕ್ಟ್ ಕೊಟ್ಟರೆ ಕನಿಷ್ಠ ಯಾರೋ ಬಳಸುತ್ತಿದ್ದಾರೆ ಅಂತ ವಿಂಡೋಸ್ ಹೇಳುತ್ತೆ ಅಲ್ವಾ?

ಹಾಗೆ ಹೇಳಿದಾಗಲೇ ಜನಕ್ಕೆ ತಾಳ್ಮೆ ತಪ್ಪುವುದು. ‘ಡಿವೈಸ್ ಬಳಕೆಯಲ್ಲಿದೆ’ ಅಂತ ಮೆಸೇಜ್, ಯಾರು ಬಳಸುತ್ತಿದ್ದಾರೆ ಅಂತ ಮಾತ್ರ ಹೇಳಲ್ಲ. ನಾನು ಹುಡುಕುವ ದಾರಿ ಇದು. ಮೊದಲು ಆ ಡ್ರೈವ್‌ನ ಫೋಲ್ಡರ್ ಕಿಟಕಿಗಳನ್ನೆಲ್ಲ ಮುಚ್ಚುತ್ತೇನೆ, ಥಂಬ್‌ನೇಲ್ ಮಾಡುತ್ತಾ ಎಕ್ಸ್‌ಪ್ಲೋರರೇ ಹಿಡಿದಿರುವುದು ಮಾಮೂಲು. ಆಮೇಲೆ ವಿಡಿಯೋ ಪ್ಲೇಯರ್, ಎಡಿಟಿಂಗ್ ಸಾಫ್ಟ್‌ವೇರ್. ಪ್ರಾಜೆಕ್ಟ್ ಮುಚ್ಚಿದರೆ ಸಾಲದು, ಸಾಫ್ಟ್‌ವೇರನ್ನೇ ಮುಚ್ಚಬೇಕು. ಫೋಟೋಶಾಪ್‌ನ ಸ್ಕ್ರ್ಯಾಚ್ ಡಿಸ್ಕ್ (ತಾತ್ಕಾಲಿಕ ಡೇಟಾ ಇಡುವ ಜಾಗ) ಆಗಿ ಅದೇ ಡ್ರೈವ್ ಆಯ್ಕೆ ಆಗಿದ್ದರೆ ಅದು ತೆರೆದಿರುವಷ್ಟು ಹೊತ್ತೂ ಬಿಡಲ್ಲ. ಇಷ್ಟಾದರೂ ಬಿಡದಿದ್ದರೆ ಈವೆಂಟ್ ವ್ಯೂವರ್ ತೆಗೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಮ್ ಭಾಗದಲ್ಲಿ ‘ಕರ್ನಲ್-ಪಿಎನ್‌ಪಿ’ ಹೆಸರಿನ 225 ನಂಬರಿನ ಎಂಟ್ರಿ ನೋಡುತ್ತೇನೆ. ಎಜೆಕ್ಟ್ ಆಗದಂತೆ ತಡೆದ ಪ್ರೋಗ್ರಾಮ್‌ನ ಹೆಸರು ಅಲ್ಲಿ ನೇರವಾಗಿ ಬರೆದಿರುತ್ತೆ. ಇದು ಗೊತ್ತಿರುವವರು ಕಮ್ಮಿ, ಆದರೆ ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಹೆಸರು ಗೊತ್ತಾದರೂ ಬಿಡಿಸಲು ಆಗದಿದ್ದರೆ ಕಂಪ್ಯೂಟರ್ ಶಟ್‌ಡೌನ್ ಮಾಡುತ್ತೇನೆ. ಅದೂ ಶಿಫ್ಟ್ ಕೀ ಒತ್ತಿಕೊಂಡು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಂದು ಭಾಗವನ್ನು ಹೈಬರ್ನೇಟ್ ಮಾಡಿಡುತ್ತೆ, ಅಂದರೆ ಇದ್ದ ಹಾಗೇ ಡಿಸ್ಕ್‌ಗೆ ಉಳಿಸಿಡುತ್ತೆ. ಶಿಫ್ಟ್ ಒತ್ತಿದರೆ ನಿಜವಾಗಿ ಮುಚ್ಚುತ್ತೆ. ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಸ್ಲೀಪ್‌ನಲ್ಲಿರುವಾಗ ಡಿಸ್ಕ್ ಕೀಳುವುದಂತೂ ಬೇಡವೇ ಬೇಡ. ಛತ್ರದಲ್ಲಿ ಊಟದ ಹೊತ್ತಿಗೆ ಮುಚ್ಚಳ ಹಾಕಿ, ಬಂದು ಕೇಬಲ್ ಎಳೆದುಕೊಂಡು ಹೊರಡುವುದನ್ನು ಎಷ್ಟೋ ಕಡೆ ನೋಡುತ್ತೇನೆ, ನೋಡಿದಾಗಲೆಲ್ಲ ಹೋಗಿ ಹೇಳುತ್ತೇನೆ.

ತಿರುಗುವ ಹಾರ್ಡ್‌ಡಿಸ್ಕ್‌ಗೆ ಇನ್ನೂ ಒಂದು ಕಾರಣ ಸೇರುತ್ತೆ. ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ, ಓದುವ ಹೆಡ್ ತಟ್ಟೆಯ ಮೇಲೆ ಕೂದಲೆಳೆಗಿಂತ ಕಮ್ಮಿ ಅಂತರದಲ್ಲಿ ತೇಲುತ್ತಿರುತ್ತೆ. ಕರೆಂಟ್ ಥಟ್ಟನೆ ನಿಂತರೆ, ತಿರುಗುತ್ತಿರುವ ತಟ್ಟೆಯಿಂದಲೇ ಸ್ವಲ್ಪ ವಿದ್ಯುತ್ ತೆಗೆದುಕೊಂಡು ಹೆಡ್ ಅವಸರದಲ್ಲಿ ಪಕ್ಕಕ್ಕೆ ಸರಿಯುತ್ತೆ. ಅದಕ್ಕೆ ಅಂತಲೇ ವ್ಯವಸ್ಥೆ ಇದೆ ನಿಜ, ಆದರೆ ದಿನಾ ಮಾಡಿಸಲು ಅಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ‘ಪವರ್-ಆಫ್ ರಿಟ್ರ್ಯಾಕ್ಟ್ ಕೌಂಟ್’ ಅಂತ ಒಂದು ಸಾಲು ಬರುತ್ತೆ, ಹೀಗೆ ಎಷ್ಟು ಸಲ ಆಗಿದೆ ಅಂತ ಡಿಸ್ಕ್ ತಾನೇ ಎಣಿಸಿಟ್ಟಿರುತ್ತೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ತೆಗೆದುಕೊಳ್ಳುವಾಗ ನಾನು ನೋಡುವ ಅಂಕಿಗಳಲ್ಲಿ ಇದೂ ಒಂದು. ಎಜೆಕ್ಟ್ ಮಾಡಿದ ಮೇಲೆ ಡಿಸ್ಕ್ ಮೇಲೆ ಬೆರಳಿಟ್ಟು ನೋಡಿ. ಸಣ್ಣಗೆ ನಡುಗುತ್ತಿರುವುದು ನಿಧಾನಕ್ಕೆ ಕಮ್ಮಿ ಆಗಿ ನಿಲ್ಲುತ್ತೆ. ಕೆಲವು ಡಿಸ್ಕ್ ಕೇಬಲ್ ತೆಗೆದ ಮೇಲೆ ನಿಲ್ಲುತ್ತವೆ. ಹೇಗೇ ಇರಲಿ, ನಿಂತ ಮೇಲೆ ಎತ್ತಿ ಚೀಲಕ್ಕೆ ಹಾಕಿ.

ಅಂದಹಾಗೆ, ಕಿತ್ತರೆ ಶಾರ್ಟ್ ಆಗಿ ಸುಡುತ್ತೆ ಅನ್ನುವ ಹೆದರಿಕೆ ಬೇಡ. ಯುಎಸ್‌ಬಿ ಪಿನ್ ಒಳಗೆ ಬಗ್ಗಿ ನೋಡಿದರೆ ನಾಲ್ಕು ಪಟ್ಟಿಗಳಲ್ಲಿ ಆಚೆಈಚೆ ಇರುವ ಎರಡು ಸ್ವಲ್ಪ ಉದ್ದ. ಅವು ಕರೆಂಟಿನವು. ಮೊದಲು ಸೇರಿ ಕೊನೆಗೆ ಬಿಡಲಿ ಅಂತಲೇ ಹಾಗೆ ಮಾಡಿದ್ದಾರೆ. ತೊಂದರೆ ಆಗುವುದು ಡೇಟಾಕ್ಕೆ.

ಕ್ಯಾಮೆರಾ ಕಾರ್ಡ್‌ನಲ್ಲೂ ಇದೇ ಕ್ರಮ. ಕೆಂಪು ಲೈಟ್ ಆರಿದ ಮೇಲೆ ಕ್ಯಾಮೆರಾ ಆಫ್, ಆಮೇಲೆ ಕಾರ್ಡ್. ಫೋನಿಗೆ ಓಟಿಜಿಯಲ್ಲಿ ಹಾಕಿದ್ದರೆ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಎಜೆಕ್ಟ್ ಇರುತ್ತೆ. ಮ್ಯಾಕ್‌ನಲ್ಲಿ ಡ್ರೈವ್ ಹೆಸರಿನ ಪಕ್ಕದ ಬಾಣ ಒತ್ತಿ.

ಎಜೆಕ್ಟ್ ಆದ ಮೇಲೆ ನನ್ನದು ಇನ್ನೊಂದು ಹೆಜ್ಜೆ ಇದೆ. ಪೆನ್‌ಡ್ರೈವ್ ಕಿತ್ತು, ಕೌಂಟರ್ ಮೇಲಿರುವ ಟಿವಿಗೆ ಹಾಕಿ, ಪ್ರತಿ ಫೈಲನ್ನೂ ಕೊನೆಯ ಒಂದು ನಿಮಿಷಕ್ಕೆ ಓಡಿಸಿ ನೋಡುತ್ತೇನೆ. ಅದೇ ಕಂಪ್ಯೂಟರ್‌ನಲ್ಲಿ, ಡ್ರೈವ್ ಕೀಳದೇ ನೋಡಿದರೆ ಪ್ರಯೋಜನ ಕಮ್ಮಿ. ರ‍್ಯಾಮ್‌ನಲ್ಲಿರುವ ಡೇಟಾದಿಂದಲೇ ಅದು ಆರಾಮಾಗಿ ಓಡಿಬಿಡಬಹುದು. ಮೂಲ ಕಾರ್ಡ್ ಫಾರ್ಮ್ಯಾಟ್ ಮಾಡುವುದಂತೂ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ ಕಾಪಿ ಇದ್ದು, ಎರಡನ್ನೂ ಹೀಗೆ ನೋಡಿದ ಮೇಲೆ ಮಾತ್ರ.

ಬೇರೆ ಕಡೆ ಕಿತ್ತು ಹಾಳಾದ ಪೆನ್‌ಡ್ರೈವ್ ಹಿಡಿದು ಬರುವವರೂ ಇದ್ದಾರೆ. ಮೊನ್ನೆ ಒಬ್ಬರು ಅಕ್ಕ ಮೊಮ್ಮಗಳ ನಾಮಕರಣದ ವಿಡಿಯೋ ತಂದಿದ್ದರು. ಹಾಕಿದ ಕೂಡಲೇ ವಿಂಡೋಸ್ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಅಂತ ಕೇಳುತ್ತೆ. ಅಲ್ಲಿ ಹ್ಞೂಂ ಅನ್ನಬೇಡಿ, ಫಾರ್ಮ್ಯಾಟ್ ಅಂದರಂತೂ ಕ್ಯಾನ್ಸಲ್ ಮಾಡಿ. ರಿಪೇರಿ ಅಂದರೆ ಆ ಡ್ರೈವ್ ಮೇಲೆ ಇನ್ನಷ್ಟು ಬರೆಯುವುದು. ಮೊದಲು ಓದಲು ಸಿಗುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ತೀರಾ ಬೇಕಾದದ್ದು ಅಂದರೆ ನಾನು ಲಿನಕ್ಸ್ ಮೆಷಿನ್‌ಗೆ ಹಾಕಿ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್‌ನಿಂದ ಇಡೀ ಡ್ರೈವ್‌ನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದಿಟ್ಟುಕೊಳ್ಳುತ್ತೇನೆ. ಆಮೇಲೆ ವಿಂಡೋಸ್‌ನ ರಿಪೇರಿ ಪ್ರೋಗ್ರಾಮ್ ಆದ ಚೆಕ್‌ಡಿಸ್ಕ್. ಅದು ಮುಗಿದ ಮೇಲೆ ‘ಫೌಂಡ್’ ಹೆಸರಿನ ಅಡಗಿಸಿದ ಫೋಲ್ಡರ್ ಬಂದಿದ್ದರೆ, ಅದರೊಳಗೆ ಸಿಎಚ್‌ಕೆ ಅಂತ ಕೊನೆಯಾಗುವ ಫೈಲ್‌ಗಳಿರುತ್ತವೆ. ಹೆಸರು ಕಳೆದುಕೊಂಡ ಡೇಟಾ ಅದು. ಸೈಜ್ ನೋಡಿ ದೊಡ್ಡದನ್ನು ಆರಿಸಿ, ಅದರದೊಂದು ಕಾಪಿ ಮಾಡಿ, ಹೆಸರಿನ ಕೊನೆಯನ್ನು ಎಂಪಿ4 ಅಂತ ಬದಲಿಸಿ ಪ್ಲೇಯರ್‌ನಲ್ಲಿ ಹಾಕಿ. ವಿಡಿಯೋದ ಕೊನೆಯ ಭಾಗ ಉಳಿದಿದ್ದರೆ ಓಡುತ್ತೆ.