ಕಾರಿನ ವಿಮೆ: ಕಂತು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು

2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರು ಮುಠಾ ನದಿಯ ದಂಡೆ ಮೀರಿ, ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಯೊಳಗೆ ನುಗ್ಗಿತು. ನೀರು ಇಳಿದ ಮೇಲೆ ಆ ಕಡೆ ಇರುವ, ವಿಜಯಪುರದಿಂದ ಬಂದು ನೆಲೆಸಿದ ಕಾಕಾ ಒಬ್ಬರನ್ನು ಕಾಣಲು ಹೋದೆ. ಎರಡನೆಯ ಮಹಡಿಯ ಅವರ ಮನೆಗೆ ಏನೂ ಆಗಿರಲಿಲ್ಲ. ಕೆಳಗೆ ನಿಲ್ಲಿಸಿದ್ದ ಕಾರಿನ ಸೀಟುಗಳ ಮೇಲೆ ಕೆಸರು ಕೂತಿತ್ತು. "ಫುಲ್ ಇನ್ಶೂರೆನ್ಸ್ ಇದೆ, ನೀನು ಚಿಂತೆ ಮಾಡಬೇಡ" ಎಂದು ಕಾಕಾ ನನಗೇ ಸಮಾಧಾನ ಹೇಳಿದರು. ಎರಡು ತಿಂಗಳ ನಂತರ ಕೈಗೆ ಬಂದ ಪರಿಹಾರ ಬಿಲ್ಲಿನ ಅರ್ಧವನ್ನೂ ಮುಟ್ಟಲಿಲ್ಲ. ಎಂಜಿನ್ನಿನ ಖರ್ಚು ಪೂರ್ತಿ ಅವರ ಮೇಲೆಯೇ ಬಿತ್ತು. ಹಿಂದಿನ ನವೀಕರಣದಲ್ಲಿ ಅವರು ಉಳಿಸಿದ್ದು ಎರಡು ಸಾವಿರ ರೂಪಾಯಿ.

ಅಂದಿನಿಂದ ಪರಿಚಯದ ಕನ್ನಡ ಮನೆಗಳವರು ನವೀಕರಣಕ್ಕೆ ಮೊದಲು ತಮ್ಮ ಪಾಲಿಸಿಗಳನ್ನು ನನಗೆ ತೋರಿಸುತ್ತಾರೆ. ಹತ್ತರಲ್ಲಿ ಏಳೆಂಟು ಪಾಲಿಸಿಗಳಲ್ಲಿ ಅವೇ ತಪ್ಪುಗಳು. ಉಳಿಸಬಾರದ ಕಡೆ ಉಳಿಸಿರುತ್ತಾರೆ, ಉಳಿಸಬಹುದಾದ ಕಡೆ ಸುರಿದಿರುತ್ತಾರೆ.

ಮೊದಲ ಹೆಜ್ಜೆ: ಹಳೆಯ ಪಾಲಿಸಿಯ ದಿನಾಂಕ ನೋಡಿ

ನವೀಕರಣಕ್ಕೆ ಮೂರು ವಾರ ಇರುವಾಗಲೇ ಹಳೆಯ ಪಾಲಿಸಿ ತೆಗೆದು ಓದಿ. ಕಾರು ಹೊಸದಾದರೆ ಇಲ್ಲಿ ಒಂದು ಹಳ್ಳವಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಿಮ್ಮ ಕಾರಿನಿಂದ ಇನ್ನೊಬ್ಬರಿಗಾಗುವ ಹಾನಿಯ ವಿಮೆಯನ್ನು, ಒಮ್ಮೆಲೇ ಮೂರು ವರ್ಷಕ್ಕೆ ಕೊಡುತ್ತಾರೆ. ಆದರೆ ನಿಮ್ಮ ಸ್ವಂತ ಕಾರಿನ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಶೋರೂಮಿನವರು ಕೊಟ್ಟ ಹಾಳೆಯ ಮೇಲೆ "3 ವರ್ಷ" ಎಂದು ಕಂಡು, ಎರಡನೆಯ ವರ್ಷವಿಡೀ ಸ್ವಂತ ಹಾನಿಯ ವಿಮೆಯೇ ಇಲ್ಲದೆ ಕಾರು ಓಡಿಸಿದವರನ್ನು ನಾನು ಬಲ್ಲೆ. ಎರಡು ಭಾಗಗಳ ಕೊನೆಯ ದಿನಾಂಕ ಬೇರೆ ಬೇರೆ. ಎರಡನ್ನೂ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.

ಪಾಲಿಸಿ ಮುಗಿದು ಒಂದು ದಿನ ಕಳೆದರೂ ಆ ದಿನದ ಅಪಘಾತಕ್ಕೆ ಪರಿಹಾರವಿಲ್ಲ, ಮತ್ತೆ ಕಾರಿನ ತಪಾಸಣೆ ಆಗಬೇಕು. 90 ದಿನ ದಾಟಿದರೆ ಕೂಡಿಸಿಟ್ಟ ಎನ್‌ಸಿಬಿ, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ.

ಎರಡನೆಯ ಹೆಜ್ಜೆ: ಕಂತನ್ನು ಎರಡಾಗಿ ಬಿಡಿಸಿ ನೋಡಿ

ಥರ್ಡ್ ಪಾರ್ಟಿ ವಿಮೆ ಕಾನೂನಿನ ಕಡ್ಡಾಯ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ ₹2,000, ಮತ್ತೆ ಸಿಕ್ಕರೆ ₹4,000 ದಂಡ. ಜೈಲು ಶಿಕ್ಷೆಗೂ ಅವಕಾಶವಿದೆ. ನಿಮ್ಮ ಕಾರಿನಿಂದ ಇನ್ನೊಬ್ಬರಿಗಾದ ಸಾವುನೋವಿಗೆ ನ್ಯಾಯಮಂಡಳಿ ಎಷ್ಟು ಪರಿಹಾರ ಗೊತ್ತುಮಾಡುತ್ತದೋ ಅಷ್ಟನ್ನೂ, ಅವರ ಆಸ್ತಿಗಾದ ಹಾನಿಗೆ ₹7.5 ಲಕ್ಷದವರೆಗೂ ಅದು ಕೊಡುತ್ತದೆ. ನಿಮ್ಮ ಕಾರಿಗೆ ಒಂದು ರೂಪಾಯಿಯೂ ಇಲ್ಲ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರದಂತೆ 1000 ಸಿಸಿವರೆಗಿನ ಕಾರಿಗೆ ₹2,094, 1000ದಿಂದ 1500 ಸಿಸಿಗೆ ₹3,416, ಅದಕ್ಕೂ ಮೇಲಿನದಕ್ಕೆ ₹7,897, ಜಿಎಸ್‌ಟಿ ಬೇರೆ. ಈ ಭಾಗದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. "ಥರ್ಡ್ ಪಾರ್ಟಿ ಅರ್ಧ ದರಕ್ಕೆ ಮಾಡಿಸಿಕೊಡುತ್ತೇನೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವವನ ಕೈಗೆ ಹಣ ಕೊಡಬೇಡಿ. ಅವನು ಕೊಡುವ ಪಾಲಿಸಿ ನಕಲಿಯೇ.

ಚೌಕಾಸಿಗೆ ಇರುವುದು ಎರಡನೆಯ ಭಾಗ, ಸ್ವಂತ ಹಾನಿಯ ವಿಮೆ. ಅಪಘಾತ, ಕಳವು, ಬೆಂಕಿ, ಪ್ರವಾಹ, ಗಲಭೆ ಇದರೊಳಗೆ ಬರುತ್ತವೆ. ಎರಡೂ ಸೇರಿದ್ದನ್ನೇ ಜನ "ಫಸ್ಟ್ ಪಾರ್ಟಿ" ಎಂದೋ "ಫುಲ್ ಇನ್ಶೂರೆನ್ಸ್" ಎಂದೋ ಕರೆಯುತ್ತಾರೆ. ಆ "ಫುಲ್" ಎಂಬ ಮಾತನ್ನು ಯಾವ ಪಾಲಿಸಿಯಲ್ಲೂ ನಾನು ಕಂಡಿಲ್ಲ. 2019ರ ಸೆಪ್ಟೆಂಬರ್‌ನಿಂದ ಸ್ವಂತ ಹಾನಿಯ ವಿಮೆಯೊಂದನ್ನೇ ಬೇರೆ ಕಂಪನಿಯಿಂದ ಕೊಳ್ಳಬಹುದು. ಥರ್ಡ್ ಪಾರ್ಟಿ ಇರುವ ಕಂಪನಿಗೇ ಅಂಟಿಕೊಳ್ಳಬೇಕಾಗಿಲ್ಲ, ಶೋರೂಮಿನಲ್ಲಿ ಹೇಳಿದ ಕಂಪನಿಯನ್ನೇ ಒಪ್ಪಬೇಕಾಗಿಯೂ ಇಲ್ಲ.

ಮಾಲೀಕ ಚಾಲಕನ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಕಡ್ಡಾಯವೇ. ಆದರೆ ನಿಮ್ಮ ಇನ್ನೊಂದು ವಾಹನದ ಜೊತೆಗೋ ಬೇರೆ ಪಾಲಿಸಿಯಲ್ಲೋ ಅಷ್ಟು ಮೊತ್ತದ ವಿಮೆ ಈಗಾಗಲೇ ಇದ್ದರೆ ಮತ್ತೊಮ್ಮೆ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಸ್ಕೂಟರ್, ಕಾರು ಎರಡೂ ಒಬ್ಬರ ಹೆಸರಿನಲ್ಲೇ ಇದ್ದು ಎರಡಕ್ಕೂ ತೆರುತ್ತಿರುವವರು ಬಹಳ.

ಮೂರನೆಯ ಹೆಜ್ಜೆ: ದರ ಹೋಲಿಸುವುದು

ಎಲ್ಲರೂ ಎಡವುವುದು ಇಲ್ಲೇ. ಹೋಲಿಕೆಯ ಜಾಲತಾಣದಲ್ಲಿ ನಂಬರು ಹಾಕಿ, ಎಲ್ಲಕ್ಕಿಂತ ಕಡಿಮೆ ಕಂತು ಕಂಡ ಕಡೆ ಹಣ ಕಟ್ಟಿಬಿಡುತ್ತಾರೆ. ಆ ಕಂತು ಕಡಿಮೆಯಾಗಿದ್ದು ಏಕೆ ಎಂದು ಕೇಳುವುದಿಲ್ಲ.

ಮೊದಲು ನೋಡಬೇಕಾದದ್ದು ಐಡಿವಿ. ಕಾರು ಕಳವಾದರೆ, ಇಲ್ಲವೇ ದುರಸ್ತಿಗೆ ಮೀರಿ ಕೆಟ್ಟರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಕಾರಿನ ಬೆಲೆಯಿಂದ ಸವಕಳಿ ಕಳೆದು ಅದನ್ನು ಲೆಕ್ಕಹಾಕುತ್ತಾರೆ: ಒಂದರಿಂದ ಎರಡು ವರ್ಷದ ಕಾರಿಗೆ 20%, ಎರಡರಿಂದ ಮೂರಕ್ಕೆ 30%, ಮೂರರಿಂದ ನಾಲ್ಕಕ್ಕೆ 40%, ನಾಲ್ಕರಿಂದ ಐದಕ್ಕೆ 50%. ಐದು ವರ್ಷ ದಾಟಿದರೆ ನೀವೂ ಕಂಪನಿಯೂ ಒಪ್ಪಿದ ಮೊತ್ತ.

₹8 ಲಕ್ಷ ಬೆಲೆಯ, ಮೂರೂವರೆ ವರ್ಷದ ಕಾರು ಎಂದುಕೊಳ್ಳಿ. ಐಡಿವಿ ₹4.8 ಲಕ್ಷ ಬರಬೇಕು. ಒಂದು ಕಂಪನಿ ಅದನ್ನು ₹4.1 ಲಕ್ಷಕ್ಕೆ ಇಳಿಸಿ ಸಾವಿರ ರೂಪಾಯಿ ಕಡಿಮೆ ಕಂತು ತೋರಿಸುತ್ತದೆ. ಕಾರು ನೆರೆಯಲ್ಲಿ ಮುಳುಗಿ ದುರಸ್ತಿಯ ಅಂದಾಜು ₹3.9 ಲಕ್ಷ ಬಂತು. ಐಡಿವಿಯ 75% ದಾಟಿದರೆ ಅದನ್ನು ಪೂರ್ಣ ನಷ್ಟ ಎಂದು ಎಣಿಸುತ್ತಾರೆ, ಹಾಗಾಗಿ ಐಡಿವಿಯ ಮೊತ್ತವೇ ನಿಮ್ಮ ಕೈಗೆ. ಸಾವಿರ ಉಳಿಸಿದವನು ₹70,000 ಕಳೆದುಕೊಂಡ. ಆದ್ದರಿಂದ ಎಲ್ಲ ಕಂಪನಿಗಳ ಪುಟದಲ್ಲೂ ಮೊದಲು ಐಡಿವಿಯನ್ನು ಒಂದೇ ಮೊತ್ತಕ್ಕೆ ತನ್ನಿ, ಒಂದೇ ಬಗೆಯ ಹೆಚ್ಚುವರಿ ರಕ್ಷಣೆಗಳನ್ನು ಆರಿಸಿ, ಅದೇ ಎನ್‌ಸಿಬಿ ಹಾಕಿ, ಆಮೇಲೆ ಕಂತು ನೋಡಿ. ನಾನು ಒಂದು ಹಾಳೆಯ ಮೇಲೆ ಗೆರೆ ಎಳೆದು ನಾಲ್ಕು ಕಂಪನಿಗಳದ್ದನ್ನು ಬರೆದುಕೊಳ್ಳುತ್ತೇನೆ. ಅರ್ಧ ಗಂಟೆಯ ಕೆಲಸ. ಸರ್ಕಾರಿ ಸ್ವಾಮ್ಯದ ನಾಲ್ಕು ಕಂಪನಿಗಳಲ್ಲಿ ಒಂದನ್ನಾದರೂ ಆ ಹಾಳೆಯಲ್ಲಿ ಸೇರಿಸಿ. ಜಾಹೀರಾತು ಕಡಿಮೆ ಎಂಬ ಕಾರಣಕ್ಕೆ ಜನ ಅವನ್ನು ಮರೆತೇಬಿಟ್ಟಿದ್ದಾರೆ.

ಎನ್‌ಸಿಬಿ ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ರಿಯಾಯಿತಿ. ಒಂದು ವರ್ಷ ಪರಿಹಾರ ಕೇಳದಿದ್ದರೆ 20%, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50%. ಅಗ್ಗದ ವಿಮೆಗೆ ಇದಕ್ಕಿಂತ ದೊಡ್ಡ ದಾರಿ ಇಲ್ಲ, ಜನ ಇದಕ್ಕಿಂತ ಸುಲಭವಾಗಿ ಕಳೆದುಕೊಳ್ಳುವುದೂ ಬೇರೊಂದಿಲ್ಲ. ಬಂಪರ್ ಬಿರುಕುಬಿಟ್ಟಿತು, ಬಿಲ್ಲು ₹7,000 ಎಂದಿಟ್ಟುಕೊಳ್ಳಿ. ಅದರಲ್ಲಿ ಬಂಪರಿನ ಬೆಲೆ ₹4,000. ಪ್ಲಾಸ್ಟಿಕ್ ಭಾಗವಾದ್ದರಿಂದ ಸಾಧಾರಣ ಪಾಲಿಸಿಯಲ್ಲಿ ಅರ್ಧ ಸವಕಳಿ ಹೋಗುತ್ತದೆ. ಮೇಲೆ ಕಡ್ಡಾಯವಾಗಿ ನೀವೇ ಭರಿಸಬೇಕಾದ ₹1,000 ಕಡಿತ. 1500 ಸಿಸಿ ಮೀರಿದ ಕಾರಿಗೆ ಅದು ₹2,000. ಬಣ್ಣದಲ್ಲೂ ಸ್ವಲ್ಪ ಕಳೆದು ಕೈಗೆ ಬರುವುದು ₹4,000ದೊಳಗೆ. ಈಗ ಇನ್ನೊಂದು ಕಡೆ ನೋಡಿ. ಸ್ವಂತ ಹಾನಿಯ ಮೂಲ ಕಂತು ₹12,000 ಇದ್ದು, ಮುಂದಿನ ಸಲ 45% ಸಿಗಬೇಕಿತ್ತು. ಪರಿಹಾರ ಕೇಳಿದ್ದರಿಂದ ಅದು ಸೊನ್ನೆಯಾಯಿತು, ₹5,400 ಹೋಯಿತು. ಅದರ ಮುಂದಿನ ವರ್ಷ 50% ಬದಲು 20%, ಮತ್ತೆ ₹3,600. ನಾಲ್ಕು ಸಾವಿರಕ್ಕಾಗಿ ಒಂಬತ್ತು ಸಾವಿರ! ಗ್ಯಾರೇಜಿನ ಸಲಹೆಗಾರ "ಕ್ಲೇಮ್ ಮಾಡಿ ಸರ್, ಖರ್ಚೇ ಇಲ್ಲ" ಎಂದಾಗ ಈ ಲೆಕ್ಕ ಹೇಳುವುದಿಲ್ಲ. ಸಣ್ಣ ಗೀರು, ಸಣ್ಣ ತಗ್ಗನ್ನು ಕೈಯಿಂದಲೇ ಮಾಡಿಸಿ.

ಎನ್‌ಸಿಬಿ ಸೇರುವುದು ನಿಮಗೆ, ಕಾರಿಗಲ್ಲ. ಹಳೆಯ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಅದು ಸಲ್ಲುತ್ತದೆ. ಹಾಗೆಯೇ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಿಂದಿನ ಮಾಲೀಕನ ಎನ್‌ಸಿಬಿಯನ್ನು ತಮ್ಮದೆಂದು ತೋರಿಸಬಾರದು. ಕೊಂಡ 14 ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಏಜೆಂಟ್ ಕಂತು ಇಳಿಸಲು ಫಾರಂನಲ್ಲಿ ಸುಳ್ಳು ಎನ್‌ಸಿಬಿ ತುಂಬಿದರೂ ಪರಿಹಾರ ನಿರಾಕರಣೆಯಾಗುವುದು ನಿಮಗೇ. ಫಾರಂ ನೀವೇ ತುಂಬಿ.

ಇನ್ನುಳಿದ ರಿಯಾಯಿತಿಗಳು ಸಣ್ಣವು. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳವು ನಿರೋಧಕ ಸಾಧನಕ್ಕೆ 2.5%, ಅದೂ ₹500 ಮೀರದಂತೆ. ಅದಕ್ಕಾಗಿಯೇ ಸಾಧನ ಕೊಳ್ಳಬೇಡಿ. ₹2,500 ಹಾನಿಯನ್ನು ನಾನೇ ಭರಿಸುತ್ತೇನೆ ಎಂದು ಒಪ್ಪಿದರೆ ಹಳೆಯ ಟಾರಿಫ್, ಅಂದರೆ ದರಪಟ್ಟಿಯ ಪ್ರಕಾರ 20%, ಗರಿಷ್ಠ ₹750. ನನಗೆ ಇದು ಲಾಭದ ವ್ಯವಹಾರವಾಗಿ ಕಂಡಿಲ್ಲ.

ಕರ್ನಾಟಕದ ನಂಬರಿನ ಕಾರಿನವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಉತ್ತರ: ಪಾಲಿಸಿ ಇಡೀ ದೇಶದಲ್ಲಿ ನಡೆಯುತ್ತದೆ. ಕಂತಿನ ವಲಯ ನೋಂದಣಿಯ ಊರಿನಂತೆ. ಬೆಂಗಳೂರು, ಮುಂಬೈ, ಪುಣೆ ಮೂರೂ ಒಂದೇ ವಲಯದವು, ಬೆಳಗಾವಿ, ವಿಜಯಪುರದ ನೋಂದಣಿಗೆ ತುಸು ಕಡಿಮೆ. ಆ ತುಸುವಿಗಾಗಿ ಊರಿನ ನಂಬರನ್ನೇ ಉಳಿಸಿಕೊಳ್ಳುವುದು ಸರಿಯಲ್ಲ. ಹನ್ನೆರಡು ತಿಂಗಳು ಮೀರಿ ಕಾರು ಮಹಾರಾಷ್ಟ್ರದಲ್ಲೇ ಇದ್ದರೆ ಮರುನೋಂದಣಿ ಮಾಡಿಸಬೇಕೆಂದು ಕಾನೂನಿದೆ.

ನಾಲ್ಕನೆಯ ಹೆಜ್ಜೆ: ಹೆಚ್ಚುವರಿ ರಕ್ಷಣೆಗಳಲ್ಲಿ ಎರಡನ್ನು ಬಿಡಬೇಡಿ

ಝೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದ ರಕ್ಷಣೆ. ಇದನ್ನೇ ಶೋರೂಮಿನಲ್ಲಿ "ಬಂಪರ್ ಟು ಬಂಪರ್" ಎನ್ನುತ್ತಾರೆ. ಕಾರಿಗೆ ಐದು ವರ್ಷ ಆಗುವವರೆಗೆ ಇದು ಇರಲಿ. ವರ್ಷಕ್ಕೆ ಎಷ್ಟು ಸಲ ಕೇಳಬಹುದೆಂಬ ಮಿತಿ ಓದಿ. ಬಹಳ ಕಡೆ ಎರಡೇ.

ಎರಡನೆಯದು ಎಂಜಿನ್ ರಕ್ಷಣೆ. ಕಾಕಾ ಬಿಟ್ಟಿದ್ದು ಇದನ್ನೇ. ಝೀರೋ ಡೆಪ್ ಇದ್ದದ್ದರಿಂದ ಎಲ್ಲವೂ ಸೇರಿದೆ ಎಂದುಕೊಂಡಿದ್ದರು. ಸಾಧಾರಣ ಪಾಲಿಸಿ ಪ್ರವಾಹದ ಹಾನಿಯನ್ನು ಒಪ್ಪುತ್ತದೆ: ಸೀಟು, ವೈರಿಂಗ್, ಒಳಾಂಗಣ. ಆದರೆ ಎಂಜಿನ್ನಿನೊಳಗೆ ನೀರು ಹೊಕ್ಕಿರುವಾಗ ಕೀಲಿ ತಿರುಗಿಸಿದರೆ ಏನಾಗುತ್ತದೆ? ಗಾಳಿಯನ್ನು ಅದುಮುವ ಪಿಸ್ಟನ್ನಿಗೆ ನೀರನ್ನು ಅದುಮಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಹಾನಿ ಪ್ರವಾಹದಿಂದಲ್ಲ, ನೀವು ಚಾಲೂ ಮಾಡಿದ್ದರಿಂದ ಎಂದು ಹಾನಿಯನ್ನು ಅಂದಾಜು ಮಾಡಲು ಬರುವ ಸರ್ವೇಯರ್ ಬರೆಯುತ್ತಾನೆ. ನೀರು ಇಳಿದ ಕೂಡಲೇ "ನೋಡೋಣ" ಎಂದು ಕಾಕಾ ಕೀಲಿ ತಿರುಗಿಸಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡ ಮುಂಬೈಯಲ್ಲೂ, 2019ರ ಸೆಪ್ಟೆಂಬರ್‌ನಲ್ಲಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿದ ಪುಣೆಯಲ್ಲೂ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇದು ಬೇಕೇ ಬೇಕು.

ಈ ರಕ್ಷಣೆ ಇದ್ದರೂ ಮುಳುಗಿದ ಕಾರಿನ ಕೀಲಿಯನ್ನು ಮುಟ್ಟಬೇಡಿ. ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತು ಕಾಣುವಂತೆ ಫೋಟೊ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ, ತಳ್ಳಿಸಿಯೋ ಟ್ರಕ್ಕಿನ ಮೇಲೆ ಏರಿಸಿಯೋ ಗ್ಯಾರೇಜಿಗೆ ಸಾಗಿಸಿ. ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ.

ಕೀಲಿ ಕಳೆದರೆ, ಸಾಮಾನು ಕಳೆದರೆ ಎಂಬ ರಕ್ಷಣೆಗಳನ್ನು ತೆಗೆದುಹಾಕಿ, ಆ ಹಣದಲ್ಲೇ ಎಂಜಿನ್ ರಕ್ಷಣೆ ಬಂದರೂ ಬರುತ್ತದೆ. ರಸ್ತೆಬದಿ ನೆರವು ಕಾರು ತಯಾರಕರಿಂದಲೇ ಇದೆಯೇ ನೋಡಿ. ಇದ್ದರೆ ಎರಡೆರಡು ಬೇಡ. ನಗದು ಕೊಡದೆ ದುರಸ್ತಿ ಮಾಡುವ ಗ್ಯಾರೇಜ್ ಪುಣೆಯಲ್ಲಿ ಮಾತ್ರವಲ್ಲ, ನೀವು ಹಬ್ಬಕ್ಕೆ ಹೋಗುವ ಹುಬ್ಬಳ್ಳಿಯಲ್ಲೂ ಆ ಕಂಪನಿಗೆ ಇದೆಯೇ ಎಂದು ಪಟ್ಟಿಯಲ್ಲಿ ಹುಡುಕಿ.

ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದವರು ಅದನ್ನು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಿಸಲೇಬೇಕು. ಗೋವಾಕ್ಕೆ ಹೋದಾಗ ಬಿಳಿ ನಂಬರ್ ಫಲಕದ ಕಾರನ್ನು ಬಾಡಿಗೆಗೆ ಪಡೆಯಬೇಡಿ, ನಿಮ್ಮದನ್ನು ಕೊಡಲೂಬೇಡಿ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಓಡಾಟಕ್ಕೆ ಅನ್ವಯವಾಗುವುದಿಲ್ಲ.

ಕೊನೆಯ ಹೆಜ್ಜೆ: ಹಣ ಕಟ್ಟಿದ ದಿನವೇ ಓದಿ

ಪಾಲಿಸಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಕೆಲವು ದಿನ ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರು ಹಾಕಿ ವಿಮೆಯ ಅವಧಿ ಸರಿಯಾಗಿ ಕಾಣುತ್ತದೆಯೇ ನೋಡಿ. ಹೆಸರು, ಚಾಸಿ ನಂಬರ್, ಐಡಿವಿ, ಎನ್‌ಸಿಬಿ ಒಂದೊಂದನ್ನೂ ಬೆರಳಿಟ್ಟು ಓದಿ. ತಪ್ಪಿದ್ದರೆ ಅಂದೇ ಮೇಲ್ ಬರೆಯಿರಿ.

ಮುಂದೆ ಪರಿಹಾರದಲ್ಲಿ ಅನ್ಯಾಯವಾಯಿತು ಎನ್ನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರಲ್ಲಿಗೆ ಹೋಗಬಹುದು. ಮುಂಬೈಯಲ್ಲೂ ಪುಣೆಯಲ್ಲೂ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರೂ ಬೇಡ. ಕಾಕಾ ಆ ದಾರಿ ಹಿಡಿಯಲಿಲ್ಲ. ಎಂಜಿನ್ ರಕ್ಷಣೆಯನ್ನು ತಾವೇ ತೆಗೆದದ್ದು ನವೀಕರಣದ ಫಾರಂನಲ್ಲಿ ಸ್ಪಷ್ಟವಾಗಿತ್ತು. ಈ ವರ್ಷದ ಫಾರಂ ತುಂಬುವಾಗ ಅವರು ಮೊದಲು ಗುರುತು ಹಾಕಿದ್ದು ಆ ಚೌಕಕ್ಕೆ.