ಕವರ್ ಲೆಟರ್: ಎಲ್ಲಿ ಬೇಕು, ಎಲ್ಲಿ ಬೇಡ, ಬರೆಯುವುದು ಹೇಗೆ?

ಕವರ್ ಲೆಟರ್ ಎಂದರೆ ಬಯೋಡೇಟಾ ಜೊತೆ ಕಳಿಸುವ ಚಿಕ್ಕ ಪತ್ರ. ಕೆಪಿಎಸ್‌ಸಿ ಅರ್ಜಿಗೆ ಅದು ಬೇಕಿಲ್ಲ. ಆನ್‌ಲೈನ್ ಫಾರಂ ಕೇಳಿದ್ದನ್ನಷ್ಟೇ ತುಂಬಿ. ಪತ್ರ ಬರೆಯುವ ಹೊತ್ತಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ, ಸ್ಥಳೀಯರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಕೊಂಡರೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಹೆಚ್ಚು ಲಾಭ. ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲೂ ಅಷ್ಟೇ, ಜಾಗ ಕೊಟ್ಟಿದ್ದರೆ ಮಾತ್ರ ಬರೆಯಿರಿ.

ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲು, ಬಳ್ಳಾರಿಯ ಜೀನ್ಸ್ ಘಟಕ, ಖಾಸಗಿ ಶಾಲೆಗಳ ಮಾತು ಬೇರೆ. ಅಲ್ಲಿ ನಿಮ್ಮ ಮೇಲ್ ನೋಡುವವರು ಸಾಮಾನ್ಯವಾಗಿ ಮಾಲೀಕರು ಅಥವಾ ಮ್ಯಾನೇಜರು, ಅದೂ ಮೊಬೈಲಿನಲ್ಲಿ. ಬಂದ ಬಯೋಡೇಟಾಗಳಲ್ಲೆಲ್ಲ ಅದೇ ಬಿ.ಕಾಂ., ಲೆಕ್ಕ ಬರೆಯುವ ಅದೇ ಟ್ಯಾಲಿ ಸಾಫ್ಟ್‌ವೇರ್. ಯಾರನ್ನು ಕರೆಯುವುದು? ಇಲ್ಲಿ ಪತ್ರ ಕೆಲಸಕ್ಕೆ ಬರುತ್ತದೆ.

ಮೊದಲು ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿದ್ದರಲ್ಲಿ ನಿಮಗೆ ಚೆನ್ನಾಗಿ ಬರುವ ಎರಡು ಕೆಲಸಕ್ಕೆ ಗುರುತು ಹಾಕಿ. ವಿಷಯದ ಸಾಲಿನಲ್ಲಿ 'ಅಕೌಂಟೆಂಟ್ ಹುದ್ದೆ, 3 ವರ್ಷ ಅನುಭವ, ಸಿಂಧನೂರು' ಎಂದಿದ್ದರೆ ಸಾಕು. 'ಮಾನ್ಯರೇ' ಎಂದು ಶುರು ಮಾಡಿ, ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದಿರಿ ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿ.

ಎರಡನೇ ಪ್ಯಾರಾವೇ ಪತ್ರದ ಜೀವ. 'ನಾನು ಶ್ರಮಜೀವಿ, ಪ್ರಾಮಾಣಿಕ' ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ಹೀಗೆ ಬರೆಯಿರಿ: 'ಸುಗ್ಗಿಯಲ್ಲಿ ದಿನಕ್ಕೆ 40 ಲಾರಿ ಭತ್ತ ಬರುತ್ತಿತ್ತು. ತೂಕದ ಚೀಟಿಗಳನ್ನು ಅಂದೇ ಟ್ಯಾಲಿಗೆ ಏರಿಸಿ, ಬಾಕಿ ಪಟ್ಟಿ ಕೊಟ್ಟೇ ಮನೆಗೆ ಹೋಗುತ್ತಿದ್ದೆ.' ಮಿಲ್ಲಿನವರಿಗೆ ಬೇಕಾಗಿರುವುದು ಈ ಮಾತು. ಹೊಸಬರಾದರೆ ಇಂಟರ್ನ್‌ಶಿಪ್‌ನಲ್ಲಿ ಕೈಯಾರೆ ಮಾಡಿದ ಒಂದು ಕೆಲಸ ಹೇಳಿ.

ನಡುವೆ ಕೆಲಸ ಬಿಟ್ಟಿದ್ದರೆ ಮುಚ್ಚಿಡಬೇಡಿ. 'ತಾಯಿಯ ಆರೈಕೆಗೆ ಎರಡು ವರ್ಷ ಮನೆಯಲ್ಲಿದ್ದೆ' ಎಂದರೆ ಮುಗಿಯಿತು. ಹೇಳದಿದ್ದರೆ ಓದುವವರು ಕೆಟ್ಟದ್ದನ್ನೇ ಊಹಿಸುತ್ತಾರೆ. ಕೊನೆಗೆ ಯಾವಾಗ ಸೇರಬಲ್ಲಿರಿ ಎಂಬುದು, ಫೋನ್ ನಂಬರು. ಒಟ್ಟು 150 ಪದ ದಾಟದಿರಲಿ.

ಪತ್ರವನ್ನು ಮೇಲ್‌ನಲ್ಲೇ ಬರೆಯಿರಿ, ಬಯೋಡೇಟಾ ಮಾತ್ರ ಪಿಡಿಎಫ್ ಆಗಿ ಲಗತ್ತಿಸಿ. ಹಳೇ ಪತ್ರವನ್ನೇ ತಿದ್ದಿ ಕಳಿಸುವವರು ಹಿಂದಿನ ಸಂಸ್ಥೆಯ ಹೆಸರು ಉಳಿದಿದೆಯೇ ನೋಡಿಕೊಳ್ಳಿ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ: ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಮೇಲ್‌ಗೆ ಅಂಟಿಸಿದರೆ, ಆಚೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲರ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೊದಲು ಗೆಳೆಯರೊಬ್ಬರಿಗೆ ಕಳಿಸಿ ಅವರ ಫೋನಿನಲ್ಲಿ ತೆರೆಸಿ ನೋಡಿ.